ಡಿಸ್ಕಿನ ಖಾತೆ ಪುಸ್ತಕ



“ಕಂಪ್ಯೂಟರ್ ನಿಧಾನ, ಡಿಸ್ಕ್ ಬದಲಿಸಬೇಕು” ಎಂದು ರಿಪೇರಿಯವರು ಹೇಳಿದರೆ ಶಾಲೆಯವರಾಗಲಿ, ಸಂಘದವರಾಗಲಿ ಹೂಂಗುಟ್ಟಿ ಹಣ ಕೊಡುತ್ತಾರೆ. ಅದಕ್ಕೆ ಮೊದಲು ಲೆಕ್ಕ ಕೇಳಬಹುದು. ಬ್ಯಾಂಕಿನಲ್ಲಿ ಲೆಡ್ಜರು ಬರೆದು ನಿವೃತ್ತನಾದ ನನಗೆ ಈ ಲೆಕ್ಕ ಬಹಳ ಹಿಡಿಸಿತು.

ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಫಿನ್ಲೆಂಡಿನಲ್ಲಿ ಬರೆಯತೊಡಗಿದ್ದು ಲಿನಕ್ಸ್ ಕರ್ನಲ್. ಡಿಸ್ಕಿನ ಓದು ಬರಹವೆಲ್ಲ ಅದರ ಮೂಲಕವೇ ನಡೆಯಬೇಕು. ‘ಪ್ರಾಕ್’ ಎಂಬಲ್ಲಿರುವ ‘ಡಿಸ್ಕ್‌ಸ್ಟ್ಯಾಟ್ಸ್’ ಕಡತದಲ್ಲಿ ಪ್ರತಿ ಡಿಸ್ಕಿಗೂ ಅದು ಒಂದು ಸಾಲು ಲೆಕ್ಕ ತೋರಿಸುತ್ತದೆ. ಕಲಮುಗಳಿಗೆ ತಲೆಬರಹವಿಲ್ಲ, ಕ್ರಮ ತಿಳಿದಿರಬೇಕು. ಡಿಸ್ಕಿನ ಹೆಸರಾದ ಮೇಲೆ ಮುಗಿದ ಓದುಗಳು, ಅಕ್ಕಪಕ್ಕದವೆಂದು ಒಂದಾಗಿ ಕೂಡಿಸಿದ ಓದುಗಳು, ಓದಿದ ಸೆಕ್ಟರುಗಳು, ತಗುಲಿದ ಮಿಲಿಸೆಕೆಂಡುಗಳು. ಬರಹಕ್ಕೂ ಇಂಥವೇ ನಾಲ್ಕು. ಇಲ್ಲಿ ಸೆಕ್ಟರೆಂದರೆ 512 ಬೈಟ್. ಒಂಬತ್ತನೆಯದು ಇನ್ನೂ ಮುಗಿಯದ ಬೇಡಿಕೆಗಳು: ಟೋಕನ್ ಕೊಟ್ಟು ಹಣ ಕೊಡದವರಿದ್ದಂತೆ. ಹತ್ತನೆಯದು ಡಿಸ್ಕು ಕೆಲಸದಲ್ಲಿದ್ದ ಕಾಲ.

ಒಂಬತ್ತನೆಯದರ ಹೊರತು ಉಳಿದವು ಕಂಪ್ಯೂಟರ್ ಚಾಲೂ ಆದಂದಿನಿಂದ ಏರುತ್ತಲೇ ಹೋಗುವ ಮೊತ್ತಗಳು. ಆದ್ದರಿಂದ ಒಮ್ಮೆ ನೋಡಿದರೆ ಈಗಿನ ಸ್ಥಿತಿ ತಿಳಿಯದು. ಕರೆಂಟಿನ ಮೀಟರಿನಂತೆ ಎರಡು ಸಲ ಓದಿ ಕಳೆಯಬೇಕು. ಹತ್ತು ಸೆಕೆಂಡಿನ ಅಂತರದಲ್ಲಿ ಓದುಗಳು 500, ಅವುಗಳ ಕಾಲ 2,500 ಮಿಲಿಸೆಕೆಂಡು ಹೆಚ್ಚಿದ್ದರೆ, ಒಂದು ಓದಿಗೆ ಸರಾಸರಿ 5 ಮಿಲಿಸೆಕೆಂಡು. ‘ಐಯೋಸ್ಟ್ಯಾಟ್’ ಎಂಬ ಸಾಧನ ಈ ಕಳೆಯುವ ಕೆಲಸವನ್ನೇ ಮಾಡಿಕೊಡುತ್ತದೆ.

ಹತ್ತನೆಯ ಕಲಮಿನ ಬಗ್ಗೆ ಎಚ್ಚರವಿರಲಿ. ಹತ್ತು ಸೆಕೆಂಡಿನಲ್ಲಿ ಅದು 9,800 ಮಿಲಿಸೆಕೆಂಡು ಏರಿದರೆ ಡಿಸ್ಕು ಶೇಕಡಾ 98 ಕಾಲ ಕೆಲಸದಲ್ಲಿತ್ತು. ತಿರುಗುವ ಹಳೆಯ ಒಂಟಿ ಡಿಸ್ಕಾದರೆ ಅದು ದಣಿದಿದೆ ಎನ್ನಬಹುದು. ಎಸ್‌ಎಸ್‌ಡಿ ಹಾಗಲ್ಲ, ಹಲವು ಬೇಡಿಕೆಗಳನ್ನು ಒಟ್ಟಿಗೆ ನಡೆಸುತ್ತದೆ. ಐದು ಕೌಂಟರುಗಳ ಬ್ಯಾಂಕಿನಲ್ಲಿ ಒಬ್ಬ ಗಿರಾಕಿ ಇದ್ದರೂ ಬ್ಯಾಂಕು ಕೆಲಸದಲ್ಲಿದೆ ಎಂದೇ ಲೆಕ್ಕ; ತುಂಬಿದೆ ಎಂದಲ್ಲ. ಕಂಪ್ಯೂಟರ್ ತಡವರಿಸುವ ಹೊತ್ತಿನಲ್ಲೇ ಡಿಸ್ಕಿನ ಅಂಕಿಗಳು ಅಲುಗದೆ, ಬಾಕಿ ಬೇಡಿಕೆಯೂ ಇಲ್ಲದಿದ್ದರೆ, ದೋಷವನ್ನು ಬೇರೆಡೆ ಹುಡುಕಬೇಕು. ಬರಹ ವಿಪರೀತ ಏರುತ್ತಿದ್ದರೆ ಮೆಮೊರಿ ಸಾಲದೆ ಡಿಸ್ಕಿನ ಮೇಲೆ ಹೊರೆ ಬಿದ್ದಿರಲೂಬಹುದು.

ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಲಿನಕ್ಸಿನಲ್ಲೇ. ಈ ಕಡತ ಓದಲು ವಿಶೇಷ ಅಧಿಕಾರ ಬೇಡ. ಎರಡು ಲಿಪಿಯ ಬೋರ್ಡು ಓದಿ ಬಸ್ಸು ಹತ್ತುವ ನಮ್ಮ ಮಕ್ಕಳಿಗೆ ಒಂದು ಸಾಲು ಅಂಕಿ ಓದುವುದು ಕಷ್ಟವೇ? ಹಣ ತೆರುವ ಮೊದಲು ಎರಡು ರೀಡಿಂಗು ತೆಗೆಸಿ, ಕಳೆದು ನೋಡಿ.