ನೆರೆಯವರ ಹಿತ್ತಲಿನಲ್ಲಿ ಏಣಿ ಇಡುವ ಹಕ್ಕು



ಮುಂಗಾರಿಗೆ ಮುಂಚೆ ಮಾಳಿಗೆಗೆ ಚೌಳು ಮಣ್ಣು ಹಾಕಿಸುವುದು, ಗೋಡೆಗೆ ಗಿಲಾವು ಮಾಡಿಸುವುದು ಸಿರುಗುಪ್ಪ, ಕುರುಗೋಡು ಕಡೆಯ ಹಳೆಯ ಮಣ್ಣಿನ ಮನೆಗಳಲ್ಲಿ ತಪ್ಪದ ಕೆಲಸ. ಬಳ್ಳಾರಿಯ ಹಳೆಯ ಓಣಿಗಳಲ್ಲೂ ಅಷ್ಟೆ. ಮನೆಗಳು ಒತ್ತಾಗಿರುವ ಕಡೆ ಹಿಂಗೋಡೆಯ ಹೊರಮೈ ನೆರೆಯವರ ಹಿತ್ತಲಿಗೆ ಬಿದ್ದಿರುತ್ತದೆ. ಅಲ್ಲಿ ಏಣಿ ಇಡದೆ ಕೆಲಸ ಸಾಗದು. ಎರಡೂ ಮನೆಯವರು ಚೆನ್ನಾಗಿರುವವರೆಗೆ ಇದು ಒಂದು ಮಾತಿನಲ್ಲಿ ಮುಗಿಯುತ್ತದೆ. ಮನಸ್ಸು ಮುರಿದ ವರ್ಷ ಹಿತ್ತಲ ಬಾಗಿಲಿಗೆ ಬೀಗ ಬೀಳುತ್ತದೆ. ಇತ್ತ ಗೋಡೆ ಮಳೆಗೆ ನೆನೆದು ಕುಸಿದರೆ ಒಳಗೆ ಮಲಗಿದವರ ಜೀವಕ್ಕೇ ಅಪಾಯ.

ತನ್ನ ಆಸ್ತಿಯ ಉಪಯೋಗಕ್ಕಾಗಿ ಬೇರೆಯವರ ಜಾಗವನ್ನು ಬಳಸುವ ಹಕ್ಕಿಗೆ ಅನುಭೋಗದ ಹಕ್ಕು ಎಂದು ಹೆಸರು. ಕೋರ್ಟಿನಲ್ಲಿ ಈಸ್‌ಮೆಂಟ್ ಎಂಬ ಮಾತೇ ರೂಢಿ. ಇದರ ಕಾಯ್ದೆ 1882ರದು. ಆಗ ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿದ್ದುದರಿಂದ ಆ ವರ್ಷದ ಜುಲೈ 1ರಿಂದಲೇ ಈ ಕಾಯ್ದೆ ಇಲ್ಲಿ ಜಾರಿಗೆ ಬಂತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವ ಎಪ್ಪತ್ತು ವರ್ಷ ಮೊದಲಿನ ಮಾತಿದು.

ರಿಪೇರಿಗೆ ನೆರೆಯವರು ಜಾಗ ಬಿಡಲೇಬೇಕು ಎಂಬ ನೇರ ವಿಧಿ ಈ ಕಾಯ್ದೆಯಲ್ಲಿಲ್ಲ. ಇಂಗ್ಲೆಂಡಿನಲ್ಲಿ ಇದಕ್ಕೆಂದೇ 1992ರಲ್ಲಿ ಒಂದು ಕಾಯ್ದೆ ಮಾಡಿದರು. ನಮ್ಮಲ್ಲಿ ಹಕ್ಕು ಹೇಗೆ ಬಂತೆಂಬುದನ್ನು ಕೇಳುವವನೇ ತೋರಿಸಬೇಕು.

ಅಣ್ಣತಮ್ಮಂದಿರು ಒಂದೇ ಮನೆಯನ್ನು ಪಾಲು ಮಾಡಿಕೊಂಡರೆನ್ನಿ. ಒಬ್ಬನ ಪಾಲನ್ನು ಅನುಭವಿಸಲು ಇನ್ನೊಬ್ಬನ ಪಾಲಿನ ಮೇಲೆ ಹೋಗದೆ ಗತ್ಯಂತರವೇ ಇಲ್ಲದಿದ್ದರೆ, ಪತ್ರದಲ್ಲಿ ಬರೆಯದಿದ್ದರೂ 13ನೆಯ ಕಲಮಿನಂತೆ ಹಕ್ಕು ಹುಟ್ಟುತ್ತದೆ. ಆದರೆ ಬರಿಯ ಅನುಕೂಲ ಸಾಲದು, ಅಗತ್ಯವೇ ಇರಬೇಕು. ಅಗತ್ಯ ತೀರಿದ ದಿನ ಹಕ್ಕೂ ತೀರುತ್ತದೆ. ಎಂದೂ ಒಂದಾಗಿರದ ಎರಡು ಮನೆಗಳಿಗೆ ಈ ವಾದ ನಡೆಯದು.

ಅಂಥವರಿಗೆ ಉಳಿದದ್ದು ರೂಢಿಯ ದಾರಿ. 20 ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ಜಗಳವಿಲ್ಲದೆ, ಹಕ್ಕೆಂದೇ ಬಳಸಿರಬೇಕು. ಸರಕಾರಿ ಜಾಗವಾದರೆ 30 ವರ್ಷ. ಇಲ್ಲಿಯೇ ಬಹಳ ಜನ ಎಡವುವುದು. ಪ್ರತಿ ವರ್ಷವೂ “ಅಣ್ಣಾ, ನಾಳೆ ಒಂದಿಷ್ಟು ಏಣಿ ಇಡ್ತೀವಿ” ಎಂದು ಕೇಳಿ ಹೋದವರದು ಅಪ್ಪಣೆಯ ಬಳಕೆ. ಅದು ಐವತ್ತು ವರ್ಷ ನಡೆದರೂ ಹಕ್ಕಾಗುವುದಿಲ್ಲ. ಸೌಜನ್ಯದಿಂದ ಕೇಳಿದವನೇ ಸೋಲುತ್ತಾನೆಂಬುದು ವಿಚಿತ್ರ, ಆದರೆ ಕಾಯ್ದೆ ಇರುವುದೇ ಹಾಗೆ. ಇನ್ನೊಂದು ಮಾತು: ಈ 20 ವರ್ಷದ ಅವಧಿಯು ದಾವೆ ಹೂಡುವುದಕ್ಕೆ ಹಿಂದಿನ ಎರಡು ವರ್ಷಗಳೊಳಗೆ ಕೊನೆಗೊಂಡಿರಬೇಕು. ಬೀಗ ಬಿದ್ದ ಮೇಲೆ ನಾಳೆ ನೋಡೋಣವೆಂದು ಕೂತವರಿಗೆ ಆ ಬಳಕೆ ಲೆಕ್ಕಕ್ಕೆ ಬರುವುದಿಲ್ಲ.

ತುಂಗಭದ್ರಾ ಕಾಲುವೆಯ ಕೆಳಗಿನ ಗದ್ದೆಗಳಿಗೂ ಇದು ಸಂಬಂಧಿಸಿದ್ದೇ. ಮೇಲಿನ ಗದ್ದೆಯ ಮೂಲಕ ಹೊಲಗಾಲುವೆ ಒಯ್ಯುವ ಹಕ್ಕು ಇದ್ದವನಿಗೆ ಹೂಳು ತೆಗೆಯಲು ಅಲ್ಲಿ ಇಳಿಯುವ ಹಕ್ಕೂ 24ನೆಯ ಕಲಮಿನಿಂದ ಜೊತೆಗೇ ಬರುತ್ತದೆ. ಕಾಯ್ದೆಯೇ ನೀರಿನ ಕೊಳವೆಯ ಉದಾಹರಣೆ ಕೊಡುತ್ತದೆ: ರಿಪೇರಿಗೆ ನೆರೆಯವನ ನೆಲ ಅಗೆಯಬಹುದು, ಆದರೆ ಮುಗಿದ ಮೇಲೆ ಮೊದಲಿದ್ದಂತೆ ಮುಚ್ಚಿಕೊಡಬೇಕು. ನೆರೆಯವನಿಗೆ ಆದಷ್ಟು ಕಡಿಮೆ ತೊಂದರೆಯಾಗುವಂತೆ ಕೆಲಸ ಮಾಡಬೇಕು. ನಾಟಿಯಾದ ಗದ್ದೆಯಲ್ಲಿ ಹೂಳು ಸುರಿದು ಬರುವ ಹಕ್ಕು ಯಾರಿಗೂ ಇಲ್ಲ.

ಎಲ್ಲಕ್ಕಿಂತ ಗಟ್ಟಿ ದಾರಿ ಬರಹ. ಪಾಲುಪತ್ರವಾಗಲಿ ಕ್ರಯಪತ್ರವಾಗಲಿ ಬರೆಸುವಾಗ ಚಕ್ಕುಬಂದಿಯ ಕೆಳಗೆ ನಾಲ್ಕು ಸಾಲು ಸೇರಿಸಿ, ನೋಂದಣಿ ಮಾಡಿಸಬೇಕು. ಯಾವ ಗೋಡೆಗೆ, ಹಿತ್ತಲಿನ ಎಷ್ಟು ಅಡಿ ಅಗಲದಲ್ಲಿ, ವರ್ಷದ ಯಾವ ತಿಂಗಳಲ್ಲಿ, ಎಷ್ಟು ದಿನ ಮುಂಚೆ ತಿಳಿಸಿ, ಕೆಟ್ಟ ಗಿಡ ಬಳ್ಳಿಗೆ ಯಾರು ಹಣ ಕೊಡಬೇಕು ಎಂಬುದಷ್ಟೇ ಆ ಸಾಲುಗಳಲ್ಲಿ ಇದ್ದರೆ ಸಾಕು. ಆಗಲೇ ತಂಟೆ ಹುಟ್ಟಿದ್ದರೆ, ದಾವೆಗೆ ಮೊದಲೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿ ಕೋರ್ಟು ಶುಲ್ಕವಿಲ್ಲ, ಅಲ್ಲಿಯ ತೀರ್ಪಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆಯಿದೆ.