ವಕೀಲರ ಫೀಸು: ಮೊದಲೇ ಬರೆಸಿಕೊಳ್ಳಿ
(ಹಾಲು ಉತ್ಪಾದಕ ಸದಸ್ಯರಿಗೆ ಮಾಡಿದ ಭಾಷಣ)



ಪಾಲಿನ ದಾವೆ, ಹದ್ದುಬಸ್ತಿನ ತಕರಾರು, ಕೈಗಾರಿಕೆಗೋ ರಸ್ತೆಗೋ ಹೋದ ಜಮೀನಿನ ಪರಿಹಾರ, ಅಪಘಾತದ ಕೇಸು ಎಂದು ನಂಜನಗೂಡು, ತಿ. ನರಸೀಪುರದ ಕೋರ್ಟುಗಳಿಗೆ ಅಲೆಯುವವರು ನಮ್ಮಲ್ಲೂ ಇದ್ದೀರಿ. ಎದುರಾಳಿಯೊಡನೆ ಜಗಳ ಮುಗಿದು, ತಮ್ಮ ವಕೀಲರೊಡನೆಯೇ ಹೊಸ ಜಗಳ ಶುರುವಾಗುವುದುಂಟು. ಬಹುಪಾಲು ಕಾರಣ, ಫೀಸಿನ ಮಾತು ಬಾಯಲ್ಲಿ ಮಾತ್ರ ಆಗಿರುವುದು.

ಸಂಘದಲ್ಲಿ ಎರಡು ಲೀಟರು ಹಾಲು ಹಾಕಿದರೂ ಅಳತೆ, ಫ್ಯಾಟು, ದರ ಬರೆದ ಚೀಟಿ ಕೇಳುತ್ತೀರಿ. ವಕೀಲರಿಗೆ ಸಾವಿರಾರು ರೂಪಾಯಿ ಕೊಡುವಾಗ ಸಂಕೋಚವೇಕೆ? ಫೀಸು ಎಷ್ಟು, ಕೋರ್ಟು ಶುಲ್ಕ ಮತ್ತು ನಕಲಿನ ಖರ್ಚು ಎಷ್ಟು, ಮೇಲ್ಮನವಿ ಇದರಲ್ಲಿ ಸೇರಿದೆಯೇ ಎಂಬುದನ್ನು ವಕಾಲತ್ತಿಗೆ ಸಹಿ ಹಾಕುವ ಮುನ್ನವೇ ಬರೆಸಿಕೊಳ್ಳಿ. ಕೊಟ್ಟ ಪ್ರತಿ ಕಂತಿಗೂ ರಸೀದಿ ಪಡೆಯಿರಿ.

‘ಈಗೇನೂ ಬೇಡ, ಪರಿಹಾರ ಬಂದಾಗ ನೂರಕ್ಕೆ ಇಷ್ಟು ಕೊಡಿ’ ಎಂಬ ಮಾತು ಕೈಯಲ್ಲಿ ಕಾಸಿಲ್ಲದವರಿಗೆ ಹಿತವಾಗಿ ಕೇಳುತ್ತದೆ. ಆದರೆ ಗೆದ್ದ ಹಣದಲ್ಲಿ ವಕೀಲರು ಪಾಲು ಗೊತ್ತುಮಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ಗಂಡನನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡ ತೆಲಂಗಾಣದ ಹೆಣ್ಣುಮಗಳೊಬ್ಬರು ಹತ್ತು ಲಕ್ಷ ರೂಪಾಯಿ ಫೀಸು ಕೊಟ್ಟಿದ್ದರು. ಇನ್ನೂ ಹತ್ತು ಲಕ್ಷಕ್ಕೆ ಅವರಿಂದ ಚೆಕ್ಕು ಪಡೆದಿದ್ದ ವಕೀಲರು, ಅದು ಬೌನ್ಸ್ ಆದಾಗ ಕೇಸು ಹಾಕಿದರು. ಸುಪ್ರೀಂ ಕೋರ್ಟು 2017ರಲ್ಲಿ ಆ ಕೇಸನ್ನೇ ರದ್ದುಮಾಡಿತು. ಆದ್ದರಿಂದ ಖಾಲಿ ಚೆಕ್ಕಿಗಾಗಲಿ ಖಾಲಿ ಕಾಗದಕ್ಕಾಗಲಿ ಸಹಿ ಹಾಕಲೇಬೇಡಿ.

ವಕೀಲರದೂ ದುಡಿಮೆಯೇ. ಗೆದ್ದ ಮೇಲೆ ಮುಖ ತಪ್ಪಿಸಿ ಓಡಾಡುವ ಕಕ್ಷಿದಾರರೂ ಇದ್ದಾರೆ. ಒಪ್ಪಿದ ಫೀಸು ಕೊಡದಿದ್ದರೆ ದಾವೆ ಹೂಡುವ ಹಕ್ಕನ್ನು 1926ರ ಕಾಯಿದೆ ವಕೀಲರಿಗೆ ಕೊಟ್ಟಿದೆ. ಆದರೆ ಬಾಕಿಗಾಗಿ ನಿಮ್ಮ ಪತ್ರಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಇದು ತೀರ್ಮಾನವಾದದ್ದು ಒಂದು ಸಹಕಾರಿ ಸಂಸ್ಥೆಯಿಂದಲೇ. ಮಧ್ಯಪ್ರದೇಶ ರಾಜ್ಯ ಸಹಕಾರಿ ಬ್ಯಾಂಕಿನ ಕಡತಗಳನ್ನು ಅದರ ವಕೀಲರು ಫೀಸು ಬಾಕಿಯೆಂದು ಹಿಂದಿರುಗಿಸಲಿಲ್ಲ. ಅದು ತಪ್ಪೆಂದು ಸುಪ್ರೀಂ ಕೋರ್ಟು 2000ರಲ್ಲಿ ಹೇಳಿತು.

ವಕೀಲರ ದುರ್ನಡತೆಯ ದೂರನ್ನು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಲಿಖಿತವಾಗಿ ಕೊಡಬೇಕು. ಗ್ರಾಹಕರ ವೇದಿಕೆಯ ಬಾಗಿಲು ಇದಕ್ಕಿಲ್ಲವೆಂದು 2024ರಲ್ಲಿ ತೀರ್ಪಾಗಿದೆ.

ಇನ್ನೊಂದು ವಿಷಯ, ಮುಖ್ಯವಾಗಿ ತಾಯಂದಿರಿಗೆ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ವರಮಾನ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೇಳಬಹುದು. ಎಮ್ಮೆ ಮಾರಿ ಫೀಸು ಹೊಂದಿಸುವ ಮೊದಲು ನಿಮ್ಮ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಒಂದು ಅರ್ಜಿ ಕೊಟ್ಟು ನೋಡಿ. ಅರ್ಜಿ ಬರೆಯಲು ಬಾರದಿದ್ದರೆ ಸಂಘದ ಕಾರ್ಯದರ್ಶಿಯವರನ್ನು ಕೇಳಿ, ಬರೆದುಕೊಡುತ್ತಾರೆ.