ಅರಸನಿಗಿಂತ ಕೂಲಿಯಾಳು ಮೇಲು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ದಿನವೆಲ್ಲ ದುಡಿದ ದಣಿವಿನಲ್ಲಿಯೂ ನಾವು ಇಲ್ಲಿ ಸೇರಿದ್ದೇವೆ. ಇಂದು ಗ್ರೀಕರ ಎರಡು ಪುರಾತನ ಮಹಾಕಾವ್ಯಗಳ ವಿಷಯವಾಗಿ ನಾಲ್ಕು ಮಾತು ಆಡೋಣ. ಇಲಿಯಡ್, ಒಡಿಸ್ಸಿ ಎಂದು ಅವುಗಳ ಹೆಸರು. ಒಂದೊಂದರಲ್ಲಿಯೂ 24 ಸರ್ಗಗಳು. ಹೋಮರ್ ಕವಿ ಹಾಡಿದನೆಂದು ಪ್ರತೀತಿ. ಅರಸರ ಕಥೆ ನಮಗೇಕೆಂದು ಕೇಳಬಹುದು. ಸಾವು ಎದುರಾದಾಗ ಆ ವೀರರು ಏನಾದರೆಂದು ನೋಡಿದರೆ, ಅದು ನಮ್ಮ ಕಥೆಯೂ ಆಗುತ್ತದೆ.

ಗ್ರೀಕರ ಮಹಾವೀರ ಅಕಿಲೀಸ್. ಅವನ ಮುಂದೆ ಎರಡು ದಾರಿಗಳಿದ್ದವು: ಊರಿಗೆ ಮರಳಿದರೆ ದೀರ್ಘಾಯುಷ್ಯ, ಕೀರ್ತಿಯಿಲ್ಲ, ಟ್ರಾಯ್ ನಗರದ ಮುಂದೆ ಕಾದಿದರೆ ಅಲ್ಪಾಯುಷ್ಯ, ಅಳಿಯದ ಕೀರ್ತಿ. ದಳಪತಿ ಅಗಮೆಮ್ನನ್ ಅಪಮಾನ ಮಾಡಿದನೆಂದು ಮುನಿದು ಅವನು ಯುದ್ಧವನ್ನೇ ಬಿಟ್ಟು ಕುಳಿತ. ಪ್ರಾಣಮಿತ್ರ ಪೆಟ್ರೋಕ್ಲಸ್ ಟ್ರಾಯಿನ ಹೆಕ್ಟರನ ಕೈಯಲ್ಲಿ ಸತ್ತೊಡನೆ ಆ ಮುನಿಸು ಕರಗಿತು, ಸೇಡು ಉಳಿಯಿತು. ಹೆಕ್ಟರನನ್ನು ಕೊಂದು, ಹೆಣವನ್ನು ರಥಕ್ಕೆ ಕಟ್ಟಿ ಎಳೆದ. ಸಾವು ಅವನನ್ನು ಮೃಗವಾಗಿಸಿತು.

ಅದೇ ಸಾವು ಅವನನ್ನು ಮತ್ತೆ ಮನುಷ್ಯನನ್ನಾಗಿಯೂ ಮಾಡಿತು. ಹೆಕ್ಟರನ ಮುದಿತಂದೆ ಪ್ರಿಯಮ್ ರಾತ್ರಿ ಶತ್ರುಪಾಳೆಯಕ್ಕೆ ಬಂದು, ಮಗನನ್ನು ಕೊಂದ ಕೈಗಳಿಗೇ ಮುತ್ತಿಟ್ಟು ಹೆಣ ಬೇಡಿದ. ಅಕಿಲೀಸನಿಗೆ ಊರಲ್ಲಿದ್ದ ತನ್ನ ತಂದೆಯ ನೆನಪಾಯಿತು. ಇಬ್ಬರೂ ಅತ್ತರು, ಒಟ್ಟಿಗೆ ಉಂಡರು. ಹೆಣದ ಜೊತೆಗೆ, ಉತ್ತರಕ್ರಿಯೆಗೆಂದು 11 ದಿನ ಯುದ್ಧವಿರಾಮವೂ ದೊರೆಯಿತು.

ಒಡಿಸ್ಸಿಯ 11ನೆಯ ಸರ್ಗದಲ್ಲಿ ಒಡಿಸ್ಯೂಸ್ ಸತ್ತವರ ಲೋಕಕ್ಕೆ ಹೋಗುತ್ತಾನೆ. ಮೊದಲು ಎದುರಾಗುವವನು ಎಲ್ಪೆನರ್. ಅವನ ಹಡಗಿನಲ್ಲಿ ಹುಟ್ಟು ಹಾಕುತ್ತಿದ್ದವರಲ್ಲಿ ಎಲ್ಲರಿಗಿಂತ ಕಿರಿಯ. ಕುಡಿದು ಮಾಳಿಗೆಯಿಂದ ಬಿದ್ದು ಸತ್ತಿದ್ದ. ತನ್ನನ್ನು ಸುಟ್ಟು, ಸಮಾಧಿಯ ಮೇಲೆ ತಾನು ಎಳೆಯುತ್ತಿದ್ದ ಹುಟ್ಟನ್ನು ನೆಡಬೇಕೆಂಬುದೇ ಅವನ ಬೇಡಿಕೆ. ಒಡನಾಡಿಗಳು ಹಾಗೆಯೇ ಮಾಡಿದರು.

ಆಮೇಲೆ ಬಂದವನು ಅಕಿಲೀಸ್. ನೀನು ಇಲ್ಲಿಯೂ ಅರಸನಲ್ಲವೇ ಎಂದು ಒಡಿಸ್ಯೂಸ್ ಹೊಗಳಿದ. ಅಕಿಲೀಸ್ ಒಪ್ಪಲಿಲ್ಲ. ಸತ್ತವರಿಗೆಲ್ಲ ದೊರೆಯಾಗುವುದಕ್ಕಿಂತ, ಸ್ವಂತ ಭೂಮಿಯಿಲ್ಲದ ಬಡವನ ಬಳಿ ಕೂಲಿಯಾಳಾಗಿ ಬದುಕಿರುವುದೇ ಲೇಸೆಂದ. ಆದರೂ ಮಗನ ಶೌರ್ಯದ ಸುದ್ದಿ ಕೇಳಿದಾಗ ಹಿಗ್ಗಿ ನಡೆದ. ಹಳೆಯ ವೀರ ಪೂರ್ತಿ ಸತ್ತಿರಲಿಲ್ಲ!

ಬಂಧುಗಳೇ, ಕೂಲಿಯೇ ಸುಖವೆಂದು ಇದರ ಅರ್ಥವಲ್ಲ. ಕೂಲಿಯಾಳಿನ ಬಾಳು ಎಷ್ಟು ಕಷ್ಟವೆಂದು ಆ ಕವಿಗೂ ಗೊತ್ತಿತ್ತು. ಆದರೆ ಬದುಕಿರುವವನಿಗೆ ತನ್ನ ಬಾಳನ್ನು ತಿದ್ದಿಕೊಳ್ಳುವ ಅವಕಾಶವುಂಟು. ಸತ್ತ ದೊರೆಗೆ ಅದಿಲ್ಲ. ದುಡಿಯುವವನ ಪ್ರಾಣ ಅಗ್ಗವೆಂದು ಯಾರಾದರೂ ಅಂದರೆ, ಕೀರ್ತಿಗಾಗಿ ಪ್ರಾಣ ತೆತ್ತ ಅಕಿಲೀಸನ ಈ ಉತ್ತರವನ್ನು ಅವರಿಗೆ ಹೇಳೋಣ.